‘ಸರ್ಚ್’ ಸಾಕೋ, ‘ಸರ್ಚ್ ಫಾರ್’ ಬೇಕೋ?

ಪ್ರಶ್ನೆ: ‘ಹುಡುಕು’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಒಮ್ಮೆ ‘ಸರ್ಚ್’ ಎಂದೂ ಇನ್ನೊಮ್ಮೆ ‘ಸರ್ಚ್ ಫಾರ್’ ಎಂದೂ ನೋಡುತ್ತೇನೆ. ಎರಡೂ ಒಂದೇ ಅಲ್ಲವೇ? ‘ಫಾರ್’ ಬಿಟ್ಟರೆ ಏನು ನಷ್ಟ?

ಉತ್ತರ: ಒಂದೇ ಅಲ್ಲ. ‘ಫಾರ್’ ಬಿಟ್ಟರೆ ತಪ್ಪಿಸಿಕೊಂಡ ಕಳ್ಳನೂ ಸಿಕ್ಕಿಬಿಡುತ್ತಾನೆ!

‘ದ ಪೊಲೀಸ್ ಸರ್ಚ್ಡ್ ಫಾರ್ ಹಿಮ್’ ಎಂದರೆ ಆಸಾಮಿ ನಾಪತ್ತೆ, ಪೊಲೀಸರು ಅವನನ್ನು ಹುಡುಕಿದರು. ‘ದ ಪೊಲೀಸ್ ಸರ್ಚ್ಡ್ ಹಿಮ್’ ಎಂದರೆ ಅವನು ಎದುರಿಗೇ ಕೈ ಎತ್ತಿಕೊಂಡು ನಿಂತಿದ್ದಾನೆ, ಪೊಲೀಸರು ಅವನ ಜೇಬು, ಸೊಂಟ ಎಲ್ಲಾ ತಡಕಿದರು. ‘ಸರ್ಚ್’ ಆದಮೇಲೆ ನೇರವಾಗಿ ಬರುವುದು ತಡಕುವ ಜಾಗ. ‘ಫಾರ್’ ಆದಮೇಲೆ ಬರುವುದು ಬೇಕಾದ ವಸ್ತು. ಎರಡನ್ನೂ ಒಟ್ಟಿಗೆ ಹೇಳಬಹುದು: ‘ಐ ಸರ್ಚ್ಡ್ ಮೈ ಬ್ಯಾಗ್ ಫಾರ್ ದ ಟಿಕೆಟ್’. ಟಿಕೆಟ್ಟಿಗಾಗಿ ಬ್ಯಾಗೆಲ್ಲಾ ತಡಕಿದೆ. ನಮ್ಮ ‘ಗಾಗಿ’ ಅವರ ‘ಫಾರ್’.

ನಾವು ಎಡವುವುದಕ್ಕೆ ಕಾರಣ ‘ಹುಡುಕು’ ಎಂಬ ನಮ್ಮ ಪದವೇ. ಅದು ವಸ್ತುವಿಗೂ ಆಗುತ್ತದೆ, ಜಾಗಕ್ಕೂ ಆಗುತ್ತದೆ. ‘ಮನೆ ಹುಡುಕಿದೆ’ ಎಂದರೆ ಬಾಡಿಗೆ ಮನೆಗೆ ಅಲೆದೆ ಎಂದರ್ಥ. ‘ಮನೆಯೆಲ್ಲಾ ಹುಡುಕಿದೆ’ ಎಂದರೆ ಬೀಗದಕೈ ಕಳೆದಿದೆ ಎಂದರ್ಥ. ನಮಗೆ ಒಂದು ‘ಎಲ್ಲಾ’ ಸಾಕು. ಇಂಗ್ಲಿಷಿನವರು ಅದೇ ಕೆಲಸವನ್ನು ‘ಫಾರ್’ ಕೈಲಿ ಮಾಡಿಸುತ್ತಾರೆ, ಅದೂ ತಲೆಕೆಳಗಾಗಿ: ನಾವು ಜಾಗಕ್ಕೆ ಬಾಲ ಹಚ್ಚಿದರೆ ಅವರು ವಸ್ತುವಿಗೆ ಹಚ್ಚುತ್ತಾರೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ರಜೆ ಅರ್ಜಿಯಲ್ಲಿ ‘ಐ ಯಾಮ್ ಸರ್ಚಿಂಗ್ ಎ ಹೌಸ್’ ಎಂದು ಬರೆದಿದ್ದೆ. ಮೇಲಿನವರು ಪಕ್ಕದಲ್ಲಿ ‘ಯಾರದ್ದು?’ ಎಂದು ಗೀಚಿ ವಾಪಸ್ಸು ಕಳಿಸಿದರು. ರಜೆ ಮಾತ್ರ ಕೊಟ್ಟರು.

ಪದದ ಹುಟ್ಟು ನೋಡಿದರೆ ಇದು ನೆನಪಲ್ಲಿ ಉಳಿಯುತ್ತದೆ. ಲ್ಯಾಟಿನ್ನಿನಲ್ಲಿ ‘ಸರ್ಕಸ್’ ಎಂದರೆ ವೃತ್ತ. ಅದರಿಂದ ‘ಸುತ್ತು ಹಾಕು’ ಎಂಬ ಕ್ರಿಯಾಪದ ಹುಟ್ಟಿ, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಸರ್ಚ್’ ಆಯಿತು. ಸುತ್ತು ಹಾಕಲು ಜಾಗ ಬೇಕಲ್ಲ! (ತಮಾಷೆ ಎಂದರೆ ಅದೇ ಬೇರಿನ ಇಂದಿನ ಫ್ರೆಂಚ್ ಪದ ‘ಶೆರ್ಶೆ’ಗೆ ‘ಫಾರ್’ ಬೇಡ. ಬೇಕಾದ ವಸ್ತುವನ್ನೇ ನೇರ ಹಿಡಿಯುತ್ತದೆ, ನಮ್ಮ ‘ಹುಡುಕು’ವಿನ ಹಾಗೆ.)

ಕಾನೂನಿನಲ್ಲಿ ಈ ವ್ಯತ್ಯಾಸಕ್ಕೆ ತೂಕ ಹೆಚ್ಚು. ಅರೆಸ್ಟ್ ವಾರಂಟ್ ಮನುಷ್ಯನ ಮೇಲೆ, ಸರ್ಚ್ ವಾರಂಟ್ ಸಾಮಾನ್ಯವಾಗಿ ಜಾಗದ ಮೇಲೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 93ನೇ ಕಲಮಿನಲ್ಲಿದ್ದ ಸರ್ಚ್ ವಾರಂಟ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 96ನೇ ಕಲಮಾಗಿದೆ. ಪತ್ರಿಕೆಗಳು ‘ಐಟಿ ದಾಳಿ’ ಎಂದು ಬರೆಯುತ್ತವೆ. ಆದರೆ 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 132ನೇ ಕಲಮಿನ ತಲೆಬರಹದಲ್ಲಿ ಇದ್ದದ್ದು ‘ಸರ್ಚ್’ ಮತ್ತು ‘ಸೀಜರ್’, ಅಂದರೆ ಶೋಧ ಮತ್ತು ಜಪ್ತಿ. ನನ್ನ ಕೇಳಿದರೆ ‘ಶೋಧ’ವೇ ಸರಿ. ದಾಳಿ ಮಾಡುವವರು ಪಂಚನಾಮೆ ಬರೆದು ಸಹಿ ಹಾಕಿಸಿಕೊಳ್ಳುವುದಿಲ್ಲ.

ನಾಮಪದವಾದಾಗ ಒಂದು ಎಚ್ಚರ: ‘ಇನ್ ಸರ್ಚ್’ ಆದಮೇಲೆ ‘ಆಫ್’ ಬರಬೇಕು, ‘ಫಾರ್’ ಅಲ್ಲ. ನಿಘಂಟಿನಲ್ಲಿ ಪದದ ಅರ್ಥ ನೋಡುವುದಕ್ಕೆ ‘ಸರ್ಚ್’ ಬೇಡ, ‘ಲುಕ್ ಅಪ್’ ಸಾಕು.

ಇನ್ನು ಮೊಬೈಲು. ‘ಆ ಹೆಸರು ಸರ್ಚ್ ಮಾಡು’ ಎಂಬ ನಮ್ಮ ಕನ್ನಡದಲ್ಲಿ ‘ಫಾರ್’ ಎಂದೋ ಉದುರಿದೆ. ಇಂಗ್ಲಿಷಿನವರೂ ಈಗ ಮಾತಿನಲ್ಲಿ ‘ಸರ್ಚ್ ಇಟ್’ ಎನ್ನುತ್ತಾರೆ. ಹರಟೆಗೆ ಸರಿ, ಪರೀಕ್ಷೆಯಲ್ಲಿ ಬರೆಯಬೇಡಿ. ‘ಗೂಗಲ್’ ಎಂಬ ಕ್ರಿಯಾಪದಕ್ಕಂತೂ ಈ ರಗಳೆಯೇ ಇಲ್ಲ. ಅದು 2006ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿತು.

‘ಸರ್ಚ್ ಮೀ’ ಎಂದು ಯಾರಾದರೂ ಅಂದರೆ ಹುಡುಕಲು ಹೊರಡಬೇಡಿ. ‘ನನಗೇನು ಗೊತ್ತು’ ಎನ್ನುವ ಉಡಾಫೆಯ ಮಾತದು. ಬೇಕಾದರೆ ಜೇಬು ತಡಕಿಕೋ, ಉತ್ತರ ನನ್ನ ಹತ್ತಿರ ಇಲ್ಲ ಎನ್ನುವ ಧಾಟಿ. ಅಲ್ಲೂ ‘ಫಾರ್’ ಇಲ್ಲ, ನೋಡಿ.