ಬಿಸಿಲೇ ಬೀಳಲ್ಲ, ಮತ್ತೆ ಆಳದ ಹವಳ ಬೆಳೆಯೋದು ಹೇಗೆ?

ಓದುಗರ ಪ್ರಶ್ನೆ: ಹವಳಕ್ಕೆ ಬಿಸಿಲು, ಬೆಚ್ಚಗಿನ ನೀರು ಬೇಕೇ ಬೇಕು ಅಂತ ಓದಿದ್ದೆ. ಹಾಗಿದ್ರೆ ಕತ್ತಲಲ್ಲಿ, ಕೊರೆಯೋ ನೀರಲ್ಲಿ ಇರೋ ಹವಳ ಹೇಗೆ ಬೆಳೆಯುತ್ತೆ, ಎಷ್ಟು ಕಾಲ ಹಿಡಿಯುತ್ತೆ?

ನೀವು ಓದಿದ್ದು ಸರೀನೇ, ಆದ್ರೆ ಅದು ದಡದ ಹತ್ರದ ಹವಳದ ಕಥೆ. ಅದರ ಮೈಯೊಳಗೆ ಪಾಚಿ ಸೇರ್ಕೊಂಡಿರುತ್ತೆ, ಪಾಚಿ ಬಿಸಿಲಲ್ಲಿ ಸಕ್ಕರೆ ಮಾಡುತ್ತೆ, ಹವಳ ಕೂತಲ್ಲೇ ತಿನ್ನುತ್ತೆ. ಆಳದ ಹವಳಕ್ಕೆ ಆ ಪಾಚಿನೇ ಇಲ್ಲ, ಹಾಗಾಗಿ ಬಿಸಿಲಿನ ಗೊಡವೆನೂ ಇಲ್ಲ. ಅದು ಹಿಡಿದು ತಿನ್ನೋ ಪ್ರಾಣಿ, ಆದ್ರೆ ಕಲ್ಲಿಗೆ ಅಂಟ್ಕೊಂಡಿರೋದ್ರಿಂದ ಎದ್ದು ಹೋಗೋಕಾಗಲ್ಲ, ಊಟ ಅದಿದ್ದ ಕಡೆಗೇ ಬರ್ಬೇಕು, ತಂದು ಕೊಡೋದು ನೀರಿನ ಹರಿವು. ನನ್ನ ಕೇಳಿದ್ರೆ ಮೊದಲು ನೋಡ್ಬೇಕಾದ್ದು ಇದನ್ನ, ಟೆಂಪರೇಚರ್ ಆಮೇಲೆ.

ಲೋಫೀಲಿಯಾ ಅನ್ನೋ ಬಿಳಿ ಹವಳನೇ ತಗೊಳ್ಳಿ. ಸಾಮಾನ್ಯವಾಗಿ 200ರಿಂದ 1000 ಮೀಟರ್ ಆಳ, 4ರಿಂದ 12 ಡಿಗ್ರಿ ನೀರು. ಒಂದೊಂದು ಪಾಲಿಪ್ಪೂ, ಅಂದ್ರೆ ಹವಳದ ಒಂದೊಂದು ಪುಟ್ಟ ಜೀವಿನೂ, ಬೆರಳ ಉಗುರಿನಷ್ಟಗಲದ ಸುಣ್ಣದ ಬಟ್ಟಲಲ್ಲಿ ಕೂತಿರುತ್ತೆ, ಬಾಯಿ ಸುತ್ತ ಎಳೆ ಎಳೆ ಕೈ ಚಾಚಿ ತೇಲಿ ಬರೋ ಪ್ಲಾಂಕ್ಟನ್ ಅನ್ನೋ ಸಣ್ಣ ಸಣ್ಣ ಜೀವಿಗಳನ್ನ ಹಿಡಿಯುತ್ತೆ. ನೀರು ತೀರಾ ಜೋರಾಗಿ ಹೋದ್ರೆ ಕೈಗೆ ಸಿಕ್ಕಿದ್ದೂ ಜಾರುತ್ತೆ, ನಿಂತೇ ಹೋದ್ರೆ ಊಟನೂ ಇಲ್ಲ, ಮೇಲಿಂದ ಹೂಳು ಬಿದ್ದು ಮುಚ್ಚೋಗುತ್ತೆ. ಸ್ಕಾಟ್ಲೆಂಡ್ ಪಶ್ಚಿಮದ ಮಿಂಗುಲೇ ದಿಬ್ಬದಲ್ಲಿ ಉಬ್ಬರ ಇಳಿತದ ನೀರು ಏಣು ದಾಟುವಾಗ ಮೇಲ್ಗಡೆಯ ಪ್ಲಾಂಕ್ಟನ್ ತುಂಬಿದ ನೀರನ್ನ ಒಂದು ಗಂಟೆಯೊಳಗೆ ನೂರು ಮೀಟರಿಗಿಂತ ಕೆಳಗಿರೋ ಹವಳಕ್ಕೆ ಇಳಿಸಿಬಿಡುತ್ತೆ, ಹೋಮ್ ಡೆಲಿವರಿನೇ ಅನ್ನಿ.

ಇಷ್ಟೆಲ್ಲ ಸಿಕ್ಕಿದ್ರೂ ಲೋಫೀಲಿಯಾ ಕೊಂಬೆ ವರ್ಷಕ್ಕೆ ಉದ್ದ ಆಗೋದು ಸುಮಾರು 5ರಿಂದ 25 ಮಿಲಿಮೀಟರ್. ಇದೇ ಫಾಸ್ಟ್ ಅಂದ್ಕೊಳ್ಳಿ, ಯಾಕಂದ್ರೆ ಹವಾಯಿ ಹತ್ರ ಸಿಕ್ಕ ಒಂದು ಕಪ್ಪು ಹವಳಕ್ಕೆ 4,200 ವರ್ಷ ದಾಟಿತ್ತು, ಅದರ ಕಾಂಡ ಒಂದೇ ಒಂದು ಮಿಲಿಮೀಟರ್ ಹೊರಕ್ಕೆ ಬೆಳೆಯೋಕೆ 200 ವರ್ಷದ ಆಸುಪಾಸು ಬೇಕು.

ಇನ್ನು ಲಕ್ಷಗಟ್ಟಲೆ ವರ್ಷದ ಲೆಕ್ಕ. ಐರ್ಲೆಂಡಿನ ನೈರುತ್ಯಕ್ಕೆ ಕಡಲ ತಳದಲ್ಲಿ ಹವಳ ಒಂದರ ಮೇಲೊಂದು ಬೆಳೆದು ಕಟ್ಟಿದ ಚಾಲೆಂಜರ್ ಅನ್ನೋ ದಿಬ್ಬ ಇದೆ, 155 ಮೀಟರ್ ಎತ್ತರ, 2005ರಲ್ಲಿ ಹಡಗಿಂದ ಡ್ರಿಲ್ ಮಾಡಿ ಬುಡದವರೆಗೂ ನೋಡಿದ್ರು, ಶುರುವಾಗಿದ್ದು ಸುಮಾರು 26 ಲಕ್ಷ ವರ್ಷದ ಹಿಂದೆ. ಭಾಗಿಸಿ ನೋಡಿ, ಸಾವಿರ ವರ್ಷಕ್ಕೆ ಆರು ಸೆಂಟಿಮೀಟರ್! ವರ್ಷಕ್ಕೆ ಸೆಂಟಿಮೀಟರ್ ಬೆಳೆಯೋ ಹವಳ ಕಟ್ಟಿದ ದಿಬ್ಬ ಇಷ್ಟು ನಿಧಾನ ಯಾಕೆ ಅಂದ್ರೆ ಅದು ಒಂದೇ ಸಮ ಬೆಳೆದಿಲ್ಲ, ಮಧ್ಯೆ ಲಕ್ಷಾಂತರ ವರ್ಷ ಸುಮ್ನೆ ಬಿದ್ದಿತ್ತು. ಇತ್ತೀಚಿನ ಹಿಮಯುಗಗಳಲ್ಲೂ ಆ ಭಾಗದಲ್ಲಿ ಹವಳ ಬೆಳೆಯೋದು ನಿಂತಿದೆ, ಬೆಚ್ಚಗಿನ ಕಾಲ ಬಂದು ಹರಿವು ಚುರುಕಾದಾಗ ಮತ್ತೆ ಶುರು. ಹೂಳು ಶತ್ರು ಅಂದ್ನಲ್ಲ, ಇಲ್ಲಿ ಅದೂ ಬೇಕು, ಕೊಂಬೆಗಳ ಸಂದಿಯಲ್ಲಿ ಹದವಾಗಿ ತುಂಬ್ಕೊಂಡ್ರೇನೇ ದಿಬ್ಬ ಕುಸಿಯದೆ ನಿಲ್ಲೋದು.

ಹಾಗಾದ್ರೆ ಬೆಚ್ಚಗಾದ್ರೆ ಒಳ್ಳೇದಾ? ಅಲ್ಲ. ಆಫ್ರಿಕಾದ ಮಾರಿಟಾನಿಯಾ ಕಡಲಲ್ಲಿ ಪೂರ್ತಿ ಉಲ್ಟಾ, ಅಲ್ಲಿನ ದಿಬ್ಬಗಳು ಹಿಮಯುಗದಲ್ಲೇ ಚೆನ್ನಾಗಿ ಬೆಳೆದ್ವು, ಆಮೇಲೆ ನೀರಲ್ಲಿ ಆಮ್ಲಜನಕ ಕಮ್ಮಿ ಆಗಿ ನಿಂತ್ವು.

ಕೊನೆಗೆ ಸುಣ್ಣದ ವಿಷಯ. ಈ ಹವಳದ ಸುಣ್ಣ ಅರಾಗೊನೈಟ್ ಅನ್ನೋ ಬಗೆಯದ್ದು, ಒಂದು ಆಳ ದಾಟಿದ್ರೆ ಅದು ನೀರಲ್ಲಿ ಕರಗೋಕೆ ಶುರು ಆಗುತ್ತೆ. ಉತ್ತರ ಅಟ್ಲಾಂಟಿಕಲ್ಲಿ ಆ ಗಡಿ 2000 ಮೀಟರಿಗಿಂತ ಕೆಳಗೆ, ಉತ್ತರ ಪೆಸಿಫಿಕಲ್ಲಿ ಕೆಲವೇ ನೂರು ಮೀಟರಿಗೆ, ಅದಕ್ಕೇ ಅಲ್ಲಿ ಇಂಥ ದಿಬ್ಬ ಅಪರೂಪ. ಸಮುದ್ರ ಇಂಗಾಲದ ಡೈಆಕ್ಸೈಡ್ ಹೀರ್ಕೊಂಡಷ್ಟೂ ಈ ಗಡಿ ಮೇಲಕ್ಕೆ ಬರ್ತಿದೆ. ಜೀವ ಇರೋ ಪಾಲಿಪ್ ಸ್ವಲ್ಪ ಮಟ್ಟಿಗೆ ತಡ್ಕೊಳ್ಳುತ್ತೆ, ಸುಣ್ಣ ಕಟ್ಟೋ ಜಾಗದಲ್ಲಿ ಆಮ್ಲತೆ ಇಳಿಸ್ಕೊಳ್ಳೋ ಶಕ್ತಿ ಅದಕ್ಕಿದೆ. ಆದ್ರೆ ದಿಬ್ಬದ ಬಹುಪಾಲು ಸತ್ತ ಹವಳದ ಅಸ್ಥಿಪಂಜರ, ಅದರ ಮೇಲೆ ಚರ್ಮನೂ ಇಲ್ಲ ಮಾಂಸನೂ ಇಲ್ಲ, ನೀರು ನೇರ ತಾಗಿ ತೂತು ತೂತಾಗುತ್ತೆ. ಮೇಲ್ಗಡೆ ಹವಳ ಕೈ ಚಾಚಿ ತಿಂತಾ ಇರುತ್ತೆ, ಕೆಳಗಿನ ಕೊಂಬೆ ಲಟಕ್ ಅನ್ನುತ್ತೆ.