ಕುರುಚಲು ಕಾಡಿನಲ್ಲಿ ತೊಗರಿಯ ನೆಂಟ

ಮಳೆ ಮುಗಿದ ಮೇಲೆ ಮೇಲುಕೋಟೆ, ಚಾಮುಂಡಿ ಬೆಟ್ಟದಂಥ ಕಡೆ ಕುರುಚಲು ಗಿಡಗಳ ಮೇಲೆ ಹಳದಿ ಹೂವಿನ ಬಳ್ಳಿಗಳು ಹಬ್ಬಿರುತ್ತವೆ. ಒಂದೊಂದು ತೊಟ್ಟಿಗೂ ಮೂರು ಎಲೆ, ಅವರೆಯದ್ದೇ ಆಕಾರದ ಹೂವು. ಬರೀ ಹೂವಿನ ಫೋಟೋ ಹಿಡಿದು ಹೆಸರು ಹುಡುಕಿದರೆ ದಾರಿ ತಪ್ಪುವುದು ಖಂಡಿತ. ಇವುಗಳ ನಡುವೆ ಕೆಜಾನಸ್ ಆಲ್ಬಿಕನ್ಸ್ ಎಂಬ, ತೊಗರಿಯದ್ದೇ ಕುಲದ (ಕೆಜಾನಸ್) ಕಾಡುಬಳ್ಳಿ ಇದ್ದರೂ ಗೊತ್ತಾಗುವುದಿಲ್ಲ. ಇದರ ತವರು ದಕ್ಷಿಣ ಭಾರತ ಮತ್ತು ಶ್ರೀಲಂಕಾ.

ಮೊದಲು ಎಲೆಯನ್ನು ಮಗುಚಿ ಭೂತಗನ್ನಡಿ ಹಿಡಿಯಿರಿ. ಸಣ್ಣ ಸಣ್ಣ ಹಳದಿ ಅಂಟಿನ ಚುಕ್ಕೆ ಕಂಡರೆ ಅದು ತೊಗರಿಯ ಬಳಗ. ಆಮೇಲೆ ಕಾಯಿ ನೋಡಬೇಕು. ಒಂದೋ ಎರಡೋ ಬೀಜವಿದ್ದರೆ ಸಾಮಾನ್ಯವಾಗಿ ರಿಂಕೋಸಿಯಾ ಎಂಬ ಬೇರೆ ಕುಲ. ಜಾಸ್ತಿ ಬೀಜವಿದ್ದು, ಬೀಜಬೀಜದ ನಡುವೆ ಅಡ್ಡಗೆರೆ ಒತ್ತಿದಂತಿದ್ದರೆ ಕೆಜಾನಸ್. ಆ ಗೆರೆ ಇಲ್ಲದಿದ್ದರೆ ಡನ್‌ಬಾರಿಯಾ ಎಂಬ ಇನ್ನೊಂದು ಕುಲ ಇರಬಹುದು. ಆಲ್ಬಿಕನ್ಸ್‌ನ ಎಲೆ ಅಗಲ, ತುದಿ ಮೊಂಡು, ಹಿಂಬದಿಯಲ್ಲಿ ಮೆತ್ತನೆಯ ಬೂದುಬಿಳಿ ರೋಮ. ಹುಲ್ಲಿನಲ್ಲಿ ಹರಡುವ ಅದರ ಸೋದರ ಕೆಜಾನಸ್ ಸ್ಕ್ಯಾರಬಿಯಾಯ್ಡಿಸ್‌ಗೆ ಎಲೆ ಚಿಕ್ಕದು, ಕಾಯಿ ಮೇಲೆ ಉದ್ದುದ್ದ ಕೂದಲು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೀಜದ ಕಥೆ. ಕೆಜಾನಸ್‌ನ ಈ ಕಾಡುಬಳ್ಳಿಗಳ ಬೀಜದ ಕಣ್ಣಿನ ಹತ್ತಿರ ದಪ್ಪನೆಯ ಉಬ್ಬೊಂದು ಇರುತ್ತದೆ. ನಾವು ಬೆಳೆಯುವ ತೊಗರಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮುಖ್ಯವಾಗಿ ಇದೇ ಕಾರಣಕ್ಕೆ ಇವನ್ನು ತೊಗರಿಯಿಂದ ಬೇರೆ ಮಾಡಿ, ಸಸ್ಯವಿಜ್ಞಾನಿಗಳಾದ ವೈಟ್ ಮತ್ತು ಆರ್ನಾಟ್ 1834ರಲ್ಲಿ ಹೆಸರಿಟ್ಟ ಅಟೈಲೋಸಿಯಾ ಎಂಬ ಕುಲದಲ್ಲಿ ಇಟ್ಟಿದ್ದರು. ಆದರೆ ಎರಡಕ್ಕೂ ಕ್ರೋಮೋಸೋಮು 22. ಇವುಗಳಲ್ಲಿ ಹಲವನ್ನು ತೊಗರಿಯ ಜೊತೆ ಅಡ್ಡತಳಿ ಮಾಡಿದಾಗ ಬೀಜ ಕಟ್ಟಿತು, ಅದರಿಂದ ಸಸಿಯೂ ಬಂತು. ಬೀಜದ ಮೇಲಿನ ಒಂದು ಉಬ್ಬಿಗಾಗಿ ಬೇರೆ ಮನೆ ಯಾಕೆ, ಅಲ್ವಾ? 1980ರ ದಶಕದಲ್ಲಿ ಡಚ್ ಸಸ್ಯವಿಜ್ಞಾನಿ ವಾನ್ ಡೆರ್ ಮಾಸೆನ್ ಅಟೈಲೋಸಿಯಾವನ್ನು ಕೆಜಾನಸ್‌ಗೇ ಸೇರಿಸಿದರು. ಸರಿಯಾದ ತೀರ್ಮಾನ.

ಮಂಡ್ಯ ಕಡೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ತೊಗರಿ ಹಾಕುವವರಿಗೂ ಇದು ಸಂಬಂಧಪಟ್ಟ ವಿಷಯ. ಗೊಡ್ಡು ರೋಗ ಬಂದ ತೊಗರಿ ಹಸಿರಾಗಿ ಪೊದೆಯಂತೆ ಬೆಳೆಯುತ್ತದೆ, ಹೂವು ಕಾಯಿ ಬಿಡುವುದಿಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ಈ ರೋಗ ತಡೆಯುವ ಶಕ್ತಿ ಆಲ್ಬಿಕನ್ಸ್ ಸೇರಿ ಹಲವು ಕಾಡುತೊಗರಿಗಳಲ್ಲಿ ಕಂಡಿದೆ. ಹಾಗಾಗಿ ಇಂಥ ಬಳ್ಳಿ ಸಿಕ್ಕರೆ ಕೀಳಬೇಡಿ. ಎಲೆಯ ಹಿಂಬದಿ, ಬಲಿತ ಕಾಯಿ, ಬೀಜ ಮೂರರ ಫೋಟೋ ತೆಗೆದು, ಜಾಗ ಬರೆದುಕೊಂಡು, ಸಸ್ಯಶಾಸ್ತ್ರ ಬಲ್ಲವರಿಗೆ ತೋರಿಸಿ.