ಕರಿ ಹಡಗು ಕಲಿಸಿದ ಪಾಠ: ಜಪಾನ್ ಸಾಮ್ರಾಜ್ಯ ಎದ್ದದ್ದು, ಬಿದ್ದದ್ದು

1853ರ ಜುಲೈನಲ್ಲಿ ಅಮೆರಿಕದ ನಾಲ್ಕು ಯುದ್ಧನೌಕೆಗಳು ಜಪಾನಿನ ಉರಾಗಾ ತೀರಕ್ಕೆ ಬಂದು ನಿಂತವು. ಜನ ಅವನ್ನು ‘ಕರಿ ಹಡಗು’ ಎಂದು ಕರೆದರು. ಬಂದರು ತೆರೆಯಿರಿ ಎಂದು ಅವುಗಳ ಮುಖ್ಯಸ್ಥ ಕಮೋಡೋರ್ ಪೆರ್ರಿ ಕೇಳಿದ್ದು ಫಿರಂಗಿ ತೋರಿಸಿ. ಮರುವರ್ಷ ಜಪಾನ್ ಒಪ್ಪಿತು. 1858ರ ಒಪ್ಪಂದಗಳಂತೂ ಇನ್ನೂ ಕೆಟ್ಟವು. ವಿದೇಶಿಯರು ಜಪಾನಿನಲ್ಲಿ ಅಪರಾಧ ಮಾಡಿದರೂ ಅಲ್ಲಿನ ಕೋರ್ಟು ಅವರನ್ನು ವಿಚಾರಿಸುವಂತಿರಲಿಲ್ಲ. ಸುಂಕ ಎಷ್ಟೆಂದು ತೀರ್ಮಾನಿಸುವ ಹಕ್ಕೂ ಜಪಾನಿನ ಕೈಲಿ ಉಳಿಯಲಿಲ್ಲ.

ಅಫೀಮು ಯುದ್ಧದಲ್ಲಿ ಬ್ರಿಟನ್ನಿಗೆ ಚೀನಾ ಸೋತದ್ದನ್ನು ಜಪಾನಿಯರು ಆಗಲೇ ನೋಡಿದ್ದರು. ನಾಳೆ ನಮ್ಮ ಸರದಿ ಎಂಬ ಆ ಭಯ ಸುಳ್ಳಲ್ಲ. 1868ರಲ್ಲಿ ಶೋಗನ್ ಎಂಬ ಸೇನಾಧಿಪತಿಗಳ ಆಡಳಿತ ಮುಗಿದು ಚಕ್ರವರ್ತಿ ಮೇಜಿಯ ಹೆಸರಿನ ಸರ್ಕಾರ ಬಂತು. ರೈಲು, ಶಾಲೆ, ಕಾರ್ಖಾನೆ, ಕಡ್ಡಾಯ ಸೇನಾ ಸೇವೆ ಎಲ್ಲವೂ ಕೆಲವೇ ವರ್ಷಗಳಲ್ಲಿ ಬಂದವು.

ಆಮೇಲೆ ನಡೆದದ್ದು ನನ್ನನ್ನು ಜಾಸ್ತಿ ಕಾಡುತ್ತದೆ. 1875ರಲ್ಲಿ ಜಪಾನಿನದೇ ಯುದ್ಧನೌಕೆಯೊಂದು ಕೊರಿಯಾದ ಗಂಗ್ವಾ ದ್ವೀಪಕ್ಕೆ ಹೋಯಿತು. ಗುಂಡಿನ ಚಕಮಕಿಯಾಯಿತು. ಮರುವರ್ಷ ಕೊರಿಯಾ ಒಪ್ಪಂದಕ್ಕೆ ಸಹಿ ಹಾಕಿತು. ಬಂದರು ತೆರೆಯಬೇಕು, ಜಪಾನಿಯರನ್ನು ಕೊರಿಯಾದ ಕೋರ್ಟು ವಿಚಾರಿಸುವಂತಿಲ್ಲ. ಅದೇ ಷರತ್ತು, ಅದೇ ಬೆದರಿಕೆ. ಪೆರ್ರಿ ಬಂದು 23 ವರ್ಷವೂ ಆಗಿರಲಿಲ್ಲ. ನೋವು ಉಂಡವರೇ ಅದನ್ನು ಪಕ್ಕದ ಮನೆಗೆ ದಾಟಿಸಿದರು ಅಲ್ವಾ?

1895ರಲ್ಲಿ ಚೀನಾ ಜಪಾನಿಗೆ ಸೋತು ತೈವಾನ್ ಬಿಟ್ಟುಕೊಟ್ಟಿತು. 1905ರಲ್ಲಿ ತ್ಸುಶಿಮಾ ಜಲಸಂಧಿಯಲ್ಲಿ ಜಪಾನಿನ ಕೈಲಿ ರಷ್ಯಾದ ನೌಕಾಪಡೆ ನುಚ್ಚುನೂರಾಯಿತು. ಏಷ್ಯಾದ ದೇಶವೊಂದು ಯುರೋಪನ್ನು ಸೋಲಿಸಿತೆಂದು ಭಾರತದಲ್ಲೂ ಎಷ್ಟೋ ಜನ ಹಿಗ್ಗಿದರು. ಆ ಗೆಲುವಿನ ಬೆಲೆ ತೆತ್ತದ್ದು ಕೊರಿಯಾ. ಅದೇ ವರ್ಷ ಅದು ಜಪಾನಿನ ಹಿಡಿತಕ್ಕೆ ಬಂತು, 1910ರಲ್ಲಿ ಪೂರ್ತಿ ವಸಾಹತಾಯಿತು. 1919ರ ಮಾರ್ಚ್ 1ರಂದು ಸ್ವಾತಂತ್ರ್ಯ ಕೇಳಿ ಬೀದಿಗಿಳಿದವರ ಮೇಲೆ ಗುಂಡು ಹಾರಿತು. ಕೊರಿಯಾದ ಅಕ್ಕಿ ಜಪಾನಿಗೆ ಹೋಯಿತು. ಶಾಲೆಗಳಿಂದ ಕೊರಿಯನ್ ಭಾಷೆಯನ್ನೇ ಹೊರಗಿಟ್ಟರು. 1940ರಲ್ಲಿ ಜನರ ಹೆಸರುಗಳನ್ನೂ ಜಪಾನಿ ಹೆಸರುಗಳಾಗಿ ಬದಲಿಸಲು ಒತ್ತಾಯ ಶುರುವಾಯಿತು.

1931ರಲ್ಲಿ ಈಶಾನ್ಯ ಚೀನಾದ ಮಂಚೂರಿಯಾ ಜಪಾನಿನ ವಶ, 1937ರಲ್ಲಿ ಇಡೀ ಚೀನಾದ ಮೇಲೆ ಯುದ್ಧ, ನಾನ್‌ಜಿಂಗ್ ನಗರದಲ್ಲಿ ಘೋರ ಹತ್ಯಾಕಾಂಡ. ಆದರೆ ಯುದ್ಧದ ಯಂತ್ರಕ್ಕೆ ಬೇಕಾದ ಎಣ್ಣೆಯಲ್ಲಿ ಬಹುಪಾಲು ಬರುತ್ತಿದ್ದದ್ದು ಅಮೆರಿಕದಿಂದ. 1941ರಲ್ಲಿ ಅಮೆರಿಕ ಅದನ್ನು ನಿಲ್ಲಿಸಿತು. ಚೀನಾ ಬಿಟ್ಟು ಬರಲು ಜಪಾನ್ ಒಪ್ಪಲಿಲ್ಲ. ಆಗ್ನೇಯ ಏಷ್ಯಾದ ಎಣ್ಣೆಬಾವಿಗಳಿಗೆ ಕೈ ಹಾಕಿತು, ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು.

‘ಏಷ್ಯಾ ಏಷ್ಯನ್ನರದು’ ಎಂಬ ಜಪಾನಿನ ಘೋಷಣೆಯ ಬಣ್ಣ ಅಂಡಮಾನಿನಲ್ಲಿ ಬಯಲಾಯಿತು. 1942ರ ಮಾರ್ಚ್‌ನಿಂದ ಅಲ್ಲಿ ಜಪಾನಿನ ಆಳ್ವಿಕೆ. ಗೂಢಚಾರರೆಂಬ ಶಂಕೆಯ ಮೇಲೆ ಸ್ಥಳೀಯರನ್ನು ಹಿಂಸಿಸಿ ಕೊಂದರು. ಪಂಜಾಬಿ ಕವಿ, ವೈದ್ಯ ದಿವಾನ್ ಸಿಂಗ್ ಕಾಲೇಪಾನಿ 1944ರಲ್ಲಿ ಹೀಗೇ ಪ್ರಾಣ ಬಿಟ್ಟರು.

ಪೆಸಿಫಿಕ್ ಸಾಗರದ ಮಿಡ್‌ವೇನಲ್ಲಿ ಸೋಲು, ಇಂಫಾಲ್‌ನಲ್ಲಿ ಸೋಲು, ಕೊನೆಗೆ ಹಿರೋಶಿಮಾ, ನಾಗಸಾಕಿ ಮೇಲೆ ಅಣುಬಾಂಬ್. 1945ರ ಆಗಸ್ಟ್ 15ರಂದು ಚಕ್ರವರ್ತಿ ಹಿರೋಹಿತೊ ರೇಡಿಯೊದಲ್ಲಿ ಶರಣಾಗತಿ ಸಾರಿದರು. ಕೊರಿಯಾ ಬಿಡುಗಡೆಯಾಯಿತು, ಆದರೆ 38ನೇ ಅಕ್ಷಾಂಶದಲ್ಲಿ ಎರಡು ಹೋಳಾಯಿತು.

ಜಪಾನಿನ ಸೇನೆ ಲೈಂಗಿಕ ಗುಲಾಮಗಿರಿಗೆ ದೂಡಿದ ಹೆಣ್ಣುಮಕ್ಕಳು ಮಾತ್ರ ದಶಕಗಟ್ಟಲೆ ಬಾಯಿ ಬಿಡಲಿಲ್ಲ. 1991ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಕಿಮ್ ಹಾಕ್ ಸುನ್ ಎಂಬ ಅಜ್ಜಿ ತಮ್ಮ ಹೆಸರು ಹೇಳಿಕೊಂಡೇ ಎಲ್ಲವನ್ನೂ ಬಿಚ್ಚಿಟ್ಟರು. ಅವರನ್ನು ನೋಡಿ ಬೇರೆ ದೇಶಗಳ ಅಜ್ಜಿಯರೂ ಮಾತಾಡತೊಡಗಿದರು.